ಪುಕ್ಕಟೆ ಟಿಕೆಟು ಯಾರ ಸೊತ್ತು?

ಕಳೆದ ರಮಝಾನಿನ ಒಂದು ಸಂಜೆ. ಹೊಸಪೇಟೆಯ ಮಸೀದಿಯೊಂದರಲ್ಲಿ ಅಸರ್ ನಮಾಝ್ ಮುಗಿಸಿ ಹೊರಬರುತ್ತಿದ್ದಾಗ ಪರಿಚಿತರೊಬ್ಬರು ಕೈ ಹಿಡಿದು ನಿಲ್ಲಿಸಿದರು. ಅವರು ಸಂಡೂರು ಕಡೆಯ ಖಾಸಗಿ ಕಂಪೆನಿಯೊಂದರಲ್ಲಿ ಎಂಜಿನಿಯರ್. ಕೆಲಸದ ನಿಮಿತ್ತ ತಿಂಗಳಿಗೆ ಎರಡು ಮೂರು ಬಾರಿಯಾದರೂ ದಿಲ್ಲಿ, ಮುಂಬೈ, ಕೋಲ್ಕತ್ತಾಗಳಿಗೆ ವಿಮಾನದಲ್ಲಿ ಹೋಗಿಬರುವವರು. ಹೀಗೆ ಹಾರಾಡಿದ್ದಕ್ಕೆ ವಿಮಾನ ಸಂಸ್ಥೆಯವರು ಅವರ ಹೆಸರಿನಲ್ಲಿ ಪಾಯಿಂಟುಗಳನ್ನು ಜಮಾ ಮಾಡುತ್ತಾ ಬಂದಿದ್ದಾರೆ. ವರ್ಷಗಳ ನಂತರ ಲೆಕ್ಕ ಹಾಕಿ ನೋಡಿದರೆ ಜಿದ್ದಾಕ್ಕೆ ಹೋಗಿಬರಲು ಎರಡು ಟಿಕೆಟಿಗಾಗುವಷ್ಟು ಪಾಯಿಂಟು ಸೇರಿದೆ!

ಅವರ ತಾಯಿ ಕಂಪ್ಲಿಯಲ್ಲಿದ್ದಾರೆ. ಉಮ್ರಾ ನಿರ್ವಹಿಸಬೇಕೆಂಬುದು ಆ ವೃದ್ಧೆಯ ಬಹುಕಾಲದ ಹಂಬಲ. ಮಗ ಸಂತೋಷದಿಂದ ಓಡಿ ಹೋಗಿ, ‘ಅಮ್ಮೀ, ಟಿಕೆಟು ಪುಕ್ಕಟೆ ಸಿಗುತ್ತಿದೆ, ಹೊರಡಲು ತಯಾರಾಗಿ’ ಎಂದರು. ತಾಯಿಯ ಕಣ್ಣು ತುಂಬಿತು. ಆದರೆ ಸ್ವಲ್ಪ ಹೊತ್ತಿನ ಬಳಿಕ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಪುಕ್ಕಟೆ ಅಂದರೆ ಯಾರ ದುಡ್ಡು ಬೇಟಾ?’

ಶಾಲೆಯ ಮೆಟ್ಟಿಲು ಹತ್ತದ ಆ ತಾಯಿಯ ಪ್ರಶ್ನೆಗೆ ಎಂಜಿನಿಯರ್ ಮಗನ ಬಳಿ ಉತ್ತರವಿರಲಿಲ್ಲ. ಅದನ್ನೇ ಅವರು ನನ್ನ ಮುಂದಿಟ್ಟರು. ನನ್ನಲ್ಲೂ ಸಿದ್ಧ ಉತ್ತರವಿರಲಿಲ್ಲ. ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಸಂಬಳಕ್ಕೆ ದುಡಿಯುವ ಪ್ರತಿಯೊಬ್ಬನ ಬದುಕಿನಲ್ಲೂ ಅದು ಒಂದಲ್ಲ ಒಂದು ರೂಪದಲ್ಲಿ ಎದುರಾಗುತ್ತದೆ. ಆದ್ದರಿಂದ ಅದನ್ನು ಸಾವಧಾನವಾಗಿ ಪರಿಶೀಲಿಸೋಣ.

ಪಾಯಿಂಟು ಎಲ್ಲಿಂದ ಬರುತ್ತದೆ?

ಪದೇ ಪದೇ ಪ್ರಯಾಣಿಸುವ ಗಿರಾಕಿಯನ್ನು ಬೇರೆ ಕಂಪೆನಿಗೆ ಹೋಗದಂತೆ ಹಿಡಿದಿಟ್ಟುಕೊಳ್ಳುವ ಉಪಾಯವಾಗಿ ಈ ಪದ್ಧತಿ ಹುಟ್ಟಿತು. 1981ರಲ್ಲಿ ಅಮೇರಿಕನ್ ಏರ್‌ಲೈನ್ಸ್ ಸಂಸ್ಥೆಯು ಇದನ್ನು ದೊಡ್ಡ ಪ್ರಮಾಣದಲ್ಲಿ ಆರಂಭಿಸಿತು. ಇತರ ಸಂಸ್ಥೆಗಳೂ ಹಿಂಬಾಲಿಸಿದವು. ನಮ್ಮ ದೇಶದಲ್ಲಿ ಏರ್ ಇಂಡಿಯಾ, ಜೆಟ್ ಏರ್‌ವೇಸ್, ಕಿಂಗ್‌ಫಿಷರ್ ಮುಂತಾದವುಗಳೂ ಇಂತಹ ಯೋಜನೆ ನಡೆಸಿದವು. ಹೆಚ್ಚು ಹಾರಿದವನಿಗೆ ಬೆಳ್ಳಿಯ, ಚಿನ್ನದ ಹೆಸರಿನ ದರ್ಜೆಗಳು, ಸಾಲಿನಲ್ಲಿ ಕಾಯದೆ ಮುಂದೆ ಹೋಗುವ ಸೌಲಭ್ಯ, ಕೊನೆಗೆ ಬಹುಮಾನದ ಟಿಕೆಟು. ಇಂದು ಬ್ಯಾಂಕುಗಳೂ ವಿಮಾನ ಸಂಸ್ಥೆಗಳಿಂದ ಪಾಯಿಂಟುಗಳನ್ನು ಖರೀದಿಸಿ ತಮ್ಮ ಕ್ರೆಡಿಟ್ ಕಾರ್ಡಿನ ಗಿರಾಕಿಗಳಿಗೆ ಹಂಚುತ್ತವೆ. ಈ ಕಾರ್ಡಿನ ಬಾಕಿಯನ್ನು ಅವಧಿಯೊಳಗೆ ಪೂರ್ತಿ ಕಟ್ಟದಿದ್ದರೆ ಬಡ್ಡಿ ಬೀಳುತ್ತದೆಂಬುದನ್ನೂ, ಪಾಯಿಂಟಿನ ಆಸೆಗೆ ಬಡ್ಡಿಯ ಬಲೆಗೆ ಬಿದ್ದವನು ಗಳಿಸಿದ್ದಕ್ಕಿಂತ ಕಳಕೊಂಡದ್ದೇ ಹೆಚ್ಚೆಂಬುದನ್ನೂ ಇಲ್ಲಿ ಮರೆಯುವಂತಿಲ್ಲ.

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ವಿಮಾನ ಸಂಸ್ಥೆಯು ಪಾಯಿಂಟಿನ ಖರ್ಚನ್ನು ಆಕಾಶದಿಂದ ತರುವುದಿಲ್ಲ. ಟಿಕೆಟಿನ ಬೆಲೆಯಲ್ಲೇ ಅದು ಅಡಗಿರುತ್ತದೆ. ಅರ್ಥಾತ್ ಟಿಕೆಟಿಗೆ ಹಣ ಕೊಟ್ಟವನು ಪಾಯಿಂಟಿಗೂ ಹಣ ಕೊಟ್ಟಿರುತ್ತಾನೆ. ಸ್ವಂತ ಹಣದಿಂದ ಪ್ರಯಾಣಿಸಿದವನಿಗೆ ಅದು ತನ್ನದೇ ಹಣದ ರಿಯಾಯಿತಿ ಅಥವಾ ವರ್ತಕನ ಉಡುಗೊರೆ. ಅದರಲ್ಲಿ ಸಮಸ್ಯೆಯಿಲ್ಲ. ಆದರೆ ಹಣ ಕೊಟ್ಟವನೊಬ್ಬ, ಹಾರಿದವನೊಬ್ಬ ಆದಾಗ? ಪಾಯಿಂಟು ಮಾತ್ರ ಹಾರಿದವನ ಹೆಸರಿಗೆ ಜಮೆಯಾಗುತ್ತದೆ. ತಾಯಿಯ ಪ್ರಶ್ನೆ ಹುಟ್ಟುವುದು ಸರಿಯಾಗಿ ಇಲ್ಲಿಯೇ.

ಎರಡು ವಾದಗಳು

ನೌಕರನ ಪರವಾದ ವಾದವನ್ನು ಮೊದಲು ಕೇಳೋಣ. ಅದು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಹೊಸಪೇಟೆಯಂತಹ ಊರಿನಿಂದ ವಿಮಾನ ಹತ್ತುವುದೆಂದರೆ ಮುಂಜಾವಿನಲ್ಲೇ ಮನೆ ಬಿಡುವುದು. ಒಂದೋ ಸುಮಾರು 30 ಕಿಲೋಮೀಟರ್ ದೂರದ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ಓಡಬೇಕು, ಇಲ್ಲವೇ ಹುಬ್ಬಳ್ಳಿಗೆ. ಅಲ್ಲೂ ಸರಿಯಾದ ವಿಮಾನವಿಲ್ಲದಿದ್ದರೆ ಹಂಪಿ ಎಕ್ಸ್‌ಪ್ರೆಸ್ ರೈಲಿನಲ್ಲಿ ರಾತ್ರಿಯಿಡೀ ಕುಳಿತು ಬೆಂಗಳೂರು ಸೇರಬೇಕು. ವಿದ್ಯಾನಗರದಿಂದ 2017ರಲ್ಲಿ ಉಡಾನ್ ಯೋಜನೆಯಡಿ ಹಾರಾಟ ಆರಂಭಿಸಿದ ಟ್ರೂಜೆಟ್ ಸಂಸ್ಥೆಯು 2022ರಲ್ಲಿ ನಿಂತೇಹೋಯಿತು. ಇಂತಹ ಅಲೆದಾಟದಲ್ಲಿ ಮಕ್ಕಳ ಪರೀಕ್ಷೆ, ಹೆಂಡತಿಯ ಕಾಯಿಲೆ, ಮನೆಯ ಇಫ್ತಾರ್ ಎಲ್ಲವೂ ತಪ್ಪಿಹೋಗುತ್ತವೆ. ಕಂಪೆನಿ ಕೊಟ್ಟದ್ದು ಹಣ, ನಾನು ಕೊಟ್ಟದ್ದು ನನ್ನ ನಿದ್ದೆ. ಪಾಯಿಂಟು ನನ್ನ ನಿದ್ದೆಯ ಬೆಲೆ ಎಂದು ನೌಕರನು ಹೇಳಿದರೆ ಅದರಲ್ಲಿ ನ್ಯಾಯವಿಲ್ಲವೇ?

ಇನ್ನೊಂದು ವಾದವೂ ಇದೆ. ಆ ನಿದ್ದೆಗೆ, ಅಲೆದಾಟಕ್ಕೆ ಸಂಬಳ ಮತ್ತು ಭತ್ಯೆ ಇದೆ. ಅದು ಸಾಲದಿದ್ದರೆ ಹೆಚ್ಚು ಕೇಳುವ ಹಕ್ಕು ನೌಕರನಿಗಿದೆ. ಆದರೆ ಬಾಗಿಲಿನಿಂದ ಕೇಳಿ ಪಡೆಯುವುದು ಬೇರೆ, ಕಿಟಕಿಯಿಂದ ತೆಗೆದುಕೊಳ್ಳುವುದು ಬೇರೆ. ಮನೆಯ ಯಜಮಾನನು ಸಾಮಾನು ತರಲು ಕೊಟ್ಟ ಹಣಕ್ಕೆ ಅಂಗಡಿಯವನು ರಿಯಾಯಿತಿ ನೀಡಿದರೆ ಅದು ಯಜಮಾನನದ್ದೋ, ಚೀಲ ಹೊತ್ತು ತಂದ ಹುಡುಗನದ್ದೋ? ಚೀಲ ಭಾರವಾಗಿತ್ತೆಂಬುದು ನಿಜ. ಆದರೆ ಭಾರಕ್ಕೆ ಕೂಲಿ ಬೇರೆ ಇದೆ.

ಲೋಕವು ಈ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟಿಲ್ಲ. ಭಾರತ ಸರಕಾರದ ಹಣಕಾಸು ಸಚಿವಾಲಯವು 2017ರ ಜುಲೈಯಲ್ಲಿ ಹೊರಡಿಸಿದ ಪ್ರಯಾಣಭತ್ಯೆಯ ಆದೇಶದಲ್ಲಿ, ಸರಕಾರಿ ಪ್ರಯಾಣದಿಂದ ಬಂದ ಪಾಯಿಂಟುಗಳನ್ನು ಇಲಾಖೆಯ ಇತರ ಪ್ರಯಾಣಗಳಿಗೇ ಬಳಸಬೇಕು, ಖಾಸಗಿ ಪ್ರಯಾಣಕ್ಕೆ ಬಳಸಿದರೆ ಶಿಸ್ತುಕ್ರಮ ಜರಗಿಸಲಾಗುವುದು ಎಂದು ಸ್ಪಷ್ಟಪಡಿಸಿತು. ಅಮೇರಿಕದ ಸಂಸತ್ತು ಇದಕ್ಕೆ ತದ್ವಿರುದ್ಧವಾಗಿ, 2001ರ ಡಿಸೆಂಬರಿನಲ್ಲಿ ಅಂಗೀಕಾರವಾದ ಕಾನೂನಿನ ಮೂಲಕ, ಒಕ್ಕೂಟ ಸರಕಾರದ ನೌಕರರು ಅವನ್ನು ತಾವೇ ಇಟ್ಟುಕೊಳ್ಳಲು ಅನುಮತಿ ನೀಡಿತು. ಜರ್ಮನಿಯಲ್ಲಿ 2002ರಲ್ಲಿ ಸಂಸದರು ಅಧಿಕೃತ ಪ್ರಯಾಣದ ಪಾಯಿಂಟುಗಳನ್ನು ಸ್ವಂತಕ್ಕೆ ಬಳಸಿದ ವಿಷಯ ಬಯಲಾದಾಗ ದೊಡ್ಡ ಕೋಲಾಹಲವೆದ್ದಿತು. ಬರ್ಲಿನಿನ ಸಚಿವರಾಗಿದ್ದ ಗ್ರೆಗೊರ್ ಗೀಸಿಯವರು ಹುದ್ದೆಗೆ ರಾಜೀನಾಮೆ ನೀಡಿದರು. ಚೆಮ್ ಓಜ್ದೆಮಿರ್ ಎಂಬ ಸಂಸದರೂ ತಮ್ಮ ಹೊಣೆಗಾರಿಕೆಯಿಂದ ಕೆಳಗಿಳಿದರು. ಒಂದು ದೇಶದಲ್ಲಿ ಹಕ್ಕು, ಇನ್ನೊಂದರಲ್ಲಿ ರಾಜೀನಾಮೆಗೆ ಕಾರಣ!

ಹೀಗಿರುವಾಗ ವಿಶ್ವಾಸಿಯೊಬ್ಬನು ಯಾವ ಅಳತೆಗೋಲಿನಿಂದ ಅಳೆಯಬೇಕು?

ಮನೆಯಲ್ಲಿ ಕುಳಿತಿದ್ದರೆ ಸಿಗುತ್ತಿತ್ತೇ?

ಪ್ರವಾದಿ(ಸ)ಯವರ ಕಾಲದ ಒಂದು ಘಟನೆ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ಇಬ್ನುಲ್ಲುತ್‌ಬಿಯ್ಯ ಎಂಬವರನ್ನು ಝಕಾತ್ ಸಂಗ್ರಹಕ್ಕೆ ನೇಮಿಸಲಾಗಿತ್ತು. ಅವರು ಮರಳಿ ಬಂದು, ಇಷ್ಟು ನಿಮಗೆ ಸೇರಿದ್ದು, ಇಷ್ಟು ಜನರು ನನಗೆ ಉಡುಗೊರೆಯಾಗಿ ಕೊಟ್ಟದ್ದು ಎಂದು ವಿಂಗಡಿಸಿದರು. ಪ್ರವಾದಿ(ಸ)ಯವರು ಮಿಂಬರ್ ಏರಿ ಜನರನ್ನುದ್ದೇಶಿಸಿ ಮಾತನಾಡಿದರು. ಆತ ತನ್ನ ತಂದೆ ತಾಯಿಯ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಅವನನ್ನು ಹುಡುಕಿಕೊಂಡು ಬರುತ್ತಿತ್ತೇ ಎಂಬುದು ಅವರ ಪ್ರಶ್ನೆಯ ಸಾರವಾಗಿತ್ತು.

ಎಷ್ಟು ಸರಳವಾದ, ಎಷ್ಟು ಹರಿತವಾದ ಪರೀಕ್ಷೆ! ಆ ಸಹಾಬಿ ಏನನ್ನೂ ಬಚ್ಚಿಡಲಿಲ್ಲ. ಎಲ್ಲವನ್ನೂ ತಂದು ಮುಂದಿಟ್ಟರು. ಮರುಭೂಮಿಯ ಬಿಸಿಲಿನಲ್ಲಿ ಅವರೂ ಅಲೆದಿದ್ದರು, ಅವರೂ ನಿದ್ದೆಗೆಟ್ಟಿದ್ದರು. ಆದರೂ ಉಡುಗೊರೆ ಬಂದದ್ದು ವ್ಯಕ್ತಿಗಲ್ಲ, ಹುದ್ದೆಗೆ ಎಂಬುದನ್ನು ಪ್ರವಾದಿ(ಸ)ಯವರು ಎತ್ತಿ ತೋರಿಸಿದರು. ಅದೇ ಪ್ರಶ್ನೆಯನ್ನು ನಮ್ಮ ಎಂಜಿನಿಯರರಿಗೆ ಕೇಳಿ ನೋಡಿ. ಅವರು ಕಂಪ್ಲಿಯ ಮನೆಯ ಜಗಲಿಯಲ್ಲಿ ಕುಳಿತಿದ್ದರೆ ಯಾವ ವಿಮಾನ ಸಂಸ್ಥೆಯಾದರೂ ಜಿದ್ದಾದ ಟಿಕೆಟು ಕಳಿಸುತ್ತಿತ್ತೇ? ಖಂಡಿತ ಇಲ್ಲ.

ಆದರೆ ಇಲ್ಲಿಯೇ ನಿಂತು ತೀರ್ಪು ಹೇಳಿಬಿಡುವುದು ಆತುರವಾದೀತು. ಝಕಾತಿನ ಹಣ ಸಾರ್ವಜನಿಕರದ್ದು, ಬಡವರ ಹಕ್ಕು. ಅದನ್ನು ಯಾರೂ ಸ್ವಂತ ಇಚ್ಛೆಯಿಂದ ಬಿಟ್ಟುಕೊಡುವಂತಿಲ್ಲ. ಆದರೆ ಖಾಸಗಿ ಮಾಲಿಕನು ತನ್ನ ಹಣವನ್ನು ಸಂತೋಷದಿಂದ ಬಿಟ್ಟುಕೊಡಬಲ್ಲನು. ಆದ್ದರಿಂದ ಸರಕಾರಿ ನೌಕರನಿಗೂ ಖಾಸಗಿ ನೌಕರನಿಗೂ ಇಲ್ಲಿ ವ್ಯತ್ಯಾಸವಿದೆ. ಮೊದಲನೆಯವನ ಪಾಲಿಗೆ ನಮ್ಮ ದೇಶದ ನಿಯಮವೇ ಬಾಗಿಲು ಮುಚ್ಚಿದೆ. ಎರಡನೆಯವನ ಪಾಲಿಗೆ ಬಾಗಿಲು ಮಾಲಿಕನ ಕೈಯಲ್ಲಿದೆ.

ಉಮರ್(ರ) ಅವರ ತೀರ್ಪು

ಇಮಾಮ್ ಮಾಲಿಕ್(ರ)ರ ಮುವತ್ತಾದಲ್ಲಿರುವ ಇನ್ನೊಂದು ಘಟನೆ ಈ ಚರ್ಚೆಗೆ ಮತ್ತಷ್ಟು ಬೆಳಕು ನೀಡುತ್ತದೆ. ಖಲೀಫಾ ಉಮರ್(ರ) ಅವರ ಪುತ್ರರಾದ ಅಬ್ದುಲ್ಲಾ ಮತ್ತು ಉಬೈದುಲ್ಲಾ ಸೇನೆಯೊಂದಿಗೆ ಇರಾಕಿಗೆ ಹೋಗಿದ್ದರು. ಮರಳುವಾಗ ಬಸ್ರಾದ ಗವರ್ನರ್ ಅಬೂ ಮೂಸಾ ಅಶ್ಅರೀ(ರ) ಅವರು ಮದೀನಾಕ್ಕೆ ಕಳಿಸಬೇಕಾಗಿದ್ದ ಸಾರ್ವಜನಿಕ ಹಣವನ್ನು ಅವರಿಗೆ ಸಾಲವಾಗಿ ಕೊಟ್ಟರು. ಇರಾಕಿನಲ್ಲಿ ಸರಕು ಕೊಂಡು ಮದೀನಾದಲ್ಲಿ ಮಾರಿ, ಮೂಲ ಹಣವನ್ನು ಖಲೀಫರಿಗೊಪ್ಪಿಸಿ ಲಾಭವನ್ನು ನೀವಿಟ್ಟುಕೊಳ್ಳಿ ಎಂಬುದು ಅವರ ಸಲಹೆ. ಲಾಭವೂ ಬಂತು. ಆದರೆ ಉಮರ್(ರ) ಕೇಳಿದ್ದು ಬೇರೆಯೇ ಪ್ರಶ್ನೆ: ಸೇನೆಯ ಎಲ್ಲರಿಗೂ ಅವರು ಹೀಗೆಯೇ ಸಾಲ ಕೊಟ್ಟರೇ? ಇಲ್ಲವೆಂದಾಗ ಮೂಲವನ್ನೂ ಲಾಭವನ್ನೂ ಒಪ್ಪಿಸುವಂತೆ ಆಜ್ಞಾಪಿಸಿದರು. ಅಬ್ದುಲ್ಲಾ ಮೌನವಾದರು. ಉಬೈದುಲ್ಲಾ ಮಾತ್ರ, ಹಣ ನಷ್ಟವಾಗಿದ್ದರೆ ನಾವೇ ತುಂಬಿಕೊಡಬೇಕಿತ್ತಲ್ಲವೇ ಎಂದು ವಾದಿಸಿದರು. ಕೊನೆಗೆ ಸಭೆಯಲ್ಲಿದ್ದ ಒಬ್ಬರ ಸೂಚನೆಯಂತೆ ಅದನ್ನು ಪಾಲುದಾರಿಕೆಯೆಂದು ಪರಿಗಣಿಸಿ, ಲಾಭದ ಅರ್ಧವನ್ನು ಖಜಾನೆಗೆ, ಅರ್ಧವನ್ನು ಪುತ್ರರಿಗೆ ನೀಡಲಾಯಿತು.

ಇಲ್ಲಿ ಎರಡು ಪಾಠಗಳಿವೆ. ಒಂದು, ಶ್ರಮಕ್ಕೂ ನಷ್ಟದ ಹೊಣೆಗೂ ಬೆಲೆಯಿದೆ. ಉಮರ್(ರ) ಅವರು ಅದನ್ನು ಅಲ್ಲಗಳೆಯಲಿಲ್ಲ. ಇನ್ನೊಂದು, ಹಣದ ಒಡೆಯನನ್ನು ಬದಿಗಿಟ್ಟು ಲಾಭದ ಲೆಕ್ಕ ಮಾಡುವಂತಿಲ್ಲ. ನಮ್ಮ ನೌಕರನು ನಷ್ಟದ ಹೊಣೆ ಹೊತ್ತವನಲ್ಲ. ವಿಮಾನ ರದ್ದಾದರೂ, ಟಿಕೆಟು ವ್ಯರ್ಥವಾದರೂ ಹೋಗುವುದು ಕಂಪೆನಿಯ ಹಣ. ನಷ್ಟ ಅವರದ್ದು, ಲಾಭ ಮಾತ್ರ ನನ್ನದು ಎಂಬುದು ಯಾವ ನ್ಯಾಯ? ಆದರೆ ಕಂಪೆನಿಯೇ ಒಪ್ಪಿ ಬಿಟ್ಟುಕೊಟ್ಟರೆ ಅದು ಹಲಾಲ್ ಉಡುಗೊರೆಯಾಗುತ್ತದೆ. ಊರಿನಲ್ಲಿ ಎಲ್ಲರಿಗೂ ತಿಳಿದ ರೂಢಿಯನ್ನು ಮಾತಿನ ಕರಾರಿನಂತೆಯೇ ಪರಿಗಣಿಸುವುದು ನಮ್ಮ ಫಿಕ್ಹ್‌ನ ಪ್ರಸಿದ್ಧ ತತ್ವ. ಮಾಲಿಕನಿಗೆ ಗೊತ್ತಿದ್ದೂ ಸುಮ್ಮನಿದ್ದರೆ ಆ ಮೌನದಲ್ಲಿ ಅನುಮತಿಯಿದೆ. ಆದರೆ ಗೊತ್ತಿಲ್ಲದ ಕಾರಣಕ್ಕೆ ಸುಮ್ಮನಿದ್ದರೆ ಅದು ಅನುಮತಿಯಲ್ಲ, ಅಜ್ಞಾನ. ಅಜ್ಞಾನದ ಲಾಭ ಪಡೆಯುವುದಕ್ಕೆ ನಮ್ಮಲ್ಲಿ ಬೇರೆ ಹೆಸರಿದೆ.

ಲಾರಿಯ ಚಾಲಕ ಮತ್ತು ವಿಮಾನದ ಅಧಿಕಾರಿ

ವಿಮಾನ ಹತ್ತದವರಿಗೆ ಈ ಮಾತೆಲ್ಲ ಏಕೆ ಎಂದು ಕೆಲವರು ಕೇಳಬಹುದು. ಸಂಡೂರಿನ ರಸ್ತೆಯಲ್ಲಿ ಅದಿರು ಹೊತ್ತು ಸಾಗುವ ಲಾರಿಗಳನ್ನು ನೋಡಿ. ತೈಲ ಕಂಪೆನಿಗಳು ಲಾರಿ ಮಾಲಿಕರಿಗಾಗಿ ಕಾರ್ಡುಗಳನ್ನು ನೀಡುತ್ತವೆ. ಡೀಸೆಲ್ ತುಂಬಿಸಿದಷ್ಟೂ ಪಾಯಿಂಟು. ಚಾಲಕನು ಆ ಪಾಯಿಂಟಿನಿಂದ ತನ್ನ ಮನೆಗೊಂದು ಮಿಕ್ಸರ್ ಪಡೆದುಕೊಂಡನೆಂದರೆ ಮಾಲಿಕನು ಅವನನ್ನು ಏನೆಂದು ಕರೆಯುತ್ತಾನೆ? ಕಳ್ಳನೆಂದು. ಆದರೆ ಅದೇ ಮಾಲಿಕನ ಕಚೇರಿಯ ಅಧಿಕಾರಿಯು ವಿಮಾನದ ಪಾಯಿಂಟಿನಲ್ಲಿ ಸಂಸಾರದೊಂದಿಗೆ ಗೋವಾಕ್ಕೆ ಹೋಗಿ ಬಂದರೆ ಅವನನ್ನು ಜಾಣನೆನ್ನುತ್ತೇವೆ. ಕಂಪ್ಲಿ ಕಡೆಯ ರೈತನ ಹೆಸರಿನಲ್ಲಿ ಗೊಬ್ಬರ, ಬೀಜ ಮಾರುವ ವರ್ತಕನು ಕಂಪೆನಿಯ ಪ್ರವಾಸದ ಬಹುಮಾನಕ್ಕಾಗಿ ರೈತನಿಗೆ ಬೇಡದ ಮಾಲನ್ನು ಕಟ್ಟಿ ಕಳಿಸಿದರೂ ಅದು ವ್ಯಾಪಾರದ ಚಾತುರ್ಯವಾಗುತ್ತದೆ. ಬಡವನಿಗೊಂದು ಅಳತೆ, ಸೂಟು ತೊಟ್ಟವನಿಗೊಂದು ಅಳತೆ! ತಾನು ಪಡೆಯುವಾಗ ಪೂರ್ತಿ ಅಳೆದು, ಕೊಡುವಾಗ ಕಡಿಮೆ ಅಳೆಯುವವರಿಗೆ ಕುರ್‌ಆನ್ ನೀಡಿದ ಕಠಿಣ ಎಚ್ಚರಿಕೆ ತಕ್ಕಡಿ ಹಿಡಿದವರಿಗೆ ಮಾತ್ರವೇ?

ಈ ನಾಡಿನವರಿಗೆ ‘ಸ್ವಲ್ಪ ಹೆಚ್ಚು’ ಎಂಬುದರ ಅರ್ಥ ಚೆನ್ನಾಗಿ ಗೊತ್ತಿರಬೇಕು. ಗಣಿಗಾರಿಕೆಯ ಕುರಿತು ಲೋಕಾಯುಕ್ತರು 2008 ಮತ್ತು 2011ರಲ್ಲಿ ವರದಿ ನೀಡಿದರು. ಮಿತಿ ಮೀರಿ ಅದಿರು ತುಂಬಿದ ಲಾರಿಗಳ ವಿಷಯವೂ ಅದರಲ್ಲಿತ್ತು. 2011ರ ಜುಲೈಯಲ್ಲಿ ಸುಪ್ರೀಮ್ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಳನ್ನೇ ನಿಲ್ಲಿಸಿತು. ಗುಡ್ಡಗಳು ಒಂದೇ ಏಟಿಗೆ ಕರಗಲಿಲ್ಲ. ಪ್ರತಿ ಲಾರಿಯಲ್ಲೂ ಸ್ವಲ್ಪ ಹೆಚ್ಚು, ಎಲ್ಲರೂ ಮಾಡುತ್ತಾರೆ ಎಂಬ ಸಮಾಧಾನ, ಕೊನೆಗೆ ಖಾಲಿ ಬೆಟ್ಟ. ಮನುಷ್ಯನ ಅಂತಃಸಾಕ್ಷಿಯೂ ಹೀಗೆಯೇ ಲಾರಿ ಲಾರಿಯಾಗಿ ಖಾಲಿಯಾಗುತ್ತದೆ. ಹೊಣೆ ಹೊತ್ತವನು ಸೂಜಿಯೊಂದನ್ನು ಅಡಗಿಸಿಟ್ಟರೂ ಅದನ್ನು ಪುನರುತ್ಥಾನದ ದಿನ ಹೊತ್ತು ತರಬೇಕಾಗುವುದೆಂಬ ಅರ್ಥದ ಹದೀಸ್ ನಮ್ಮ ಮುಂದಿದೆ. ವಿಮಾನದ ಟಿಕೆಟು ಸೂಜಿಗಿಂತ ದೊಡ್ಡದು.

ಪಾಯಿಂಟಿಗಿಂತಲೂ ದೊಡ್ಡ ಹಾನಿ ಮಾಡುವುದು ಪಾಯಿಂಟಿನ ಆಸೆ. ಬೆಳಿಗ್ಗೆ ಅಗ್ಗದ ವಿಮಾನವಿದ್ದರೂ ತನ್ನ ಪಾಯಿಂಟು ಸೇರುವ ದುಬಾರಿ ವಿಮಾನವನ್ನೇ ಆರಿಸುವುದು, ಫೋನಿನಲ್ಲಿ ಮುಗಿಯುವ ಮಾತಿಗೆ ದಿಲ್ಲಿಗೆ ಹೋಗುವುದು, ವರ್ಷಾಂತ್ಯದಲ್ಲಿ ಚಿನ್ನದ ದರ್ಜೆ ಉಳಿಸಿಕೊಳ್ಳಲು ಒಂದು ಸಭೆ ಹುಟ್ಟಿಸುವುದು ಸ್ಪಷ್ಟ ವಂಚನೆ. ಇದರಲ್ಲಿ ಯಾವ ಭಿನ್ನಾಭಿಪ್ರಾಯವೂ ಇರಲಾರದು. ಕಂಪೆನಿಯು ಪಾಯಿಂಟನ್ನು ಬಿಟ್ಟುಕೊಟ್ಟಿರಬಹುದು. ಆದರೆ ಪಾಯಿಂಟಿಗಾಗಿ ತನ್ನ ಹಣವನ್ನು ಪೋಲು ಮಾಡಲು ಬಿಟ್ಟಿಲ್ಲ.

ಧರ್ಮಸಾಲೆಯ ಪುಣ್ಯ

ಹಂಪಿಯ ಅವಶೇಷಗಳ ನಡುವೆ ಒಂದು ಪುಟ್ಟ ಮಸೀದಿ ಇದೆ. ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಎಂಬ ಅಧಿಕಾರಿಯು 1439ರಲ್ಲಿ ಅದನ್ನು ಕಟ್ಟಿಸಿದನು. ಅಲ್ಲಿನ ಶಾಸನವು ಅದನ್ನು ಧರ್ಮಸಾಲೆ ಎಂದು ಕರೆಯುತ್ತದೆ. ಅದರ ಪುಣ್ಯವನ್ನು ಅವನು ತನ್ನ ದೊರೆಗೆ ಸಮರ್ಪಿಸಿದ್ದಾನೆ. ಈ ಸಮರ್ಪಣೆಯ ಧಾರ್ಮಿಕ ಚರ್ಚೆ ನಮಗೆ ಇಲ್ಲಿ ಬೇಡ. ಯಾರ ಅನ್ನವನ್ನು ಉಂಡೆನೋ ಅವನ ಋಣ ನನ್ನ ಗಳಿಕೆಯಲ್ಲಿದೆ ಎಂಬ ನೆನಪನ್ನು ಗಮನಿಸಿ. ಒಡೆಯನ ಧರ್ಮ ಬೇರೆ, ಸೇವಕನ ಧರ್ಮ ಬೇರೆ. ಆದರೂ ಸೇವಕನಲ್ಲಿ ಕೃತಜ್ಞತೆಯಿತ್ತು. ಮಾಲಿಕನು ನಮ್ಮವನಲ್ಲ, ಕಂಪೆನಿ ಶ್ರೀಮಂತ, ಇಷ್ಟು ತೆಗೆದರೆ ಅವರಿಗೇನು ಕಡಿಮೆಯಾದೀತು ಎಂದು ಇಂದು ನಮ್ಮಲ್ಲಿ ಕೆಲವರು ಆಡುವ ಮಾತಿಗೆ ಆರು ಶತಮಾನಗಳ ಹಿಂದಿನ ಆ ಕಲ್ಲು ಉತ್ತರ ಹೇಳುತ್ತಿದೆ. ಅಮಾನತನ್ನು ಅದರ ಹಕ್ಕುದಾರರಿಗೆ ಒಪ್ಪಿಸಬೇಕೆಂದು ಅಲ್ಲಾಹನು ಆದೇಶಿಸಿದಾಗ ಆ ಹಕ್ಕುದಾರರ ಧರ್ಮವನ್ನೂ ಸಿರಿತನವನ್ನೂ ವಿಚಾರಿಸಲು ಹೇಳಲಿಲ್ಲ.

ಯಾತ್ರೆಗೆ ಹೊರಡುವ ಮುನ್ನ

ಇನ್ನು ಉಮ್ರಾದ ಮಾತು. ದೀರ್ಘ ಪ್ರಯಾಣ ಮಾಡಿ, ತಲೆಗೂದಲು ಕೆದರಿ, ಮೈಗೆ ಧೂಳು ಮೆತ್ತಿ, ಆಕಾಶದತ್ತ ಕೈಯೆತ್ತಿ ಪ್ರಾರ್ಥಿಸುವ ಒಬ್ಬ ವ್ಯಕ್ತಿಯ ಚಿತ್ರವನ್ನು ಪ್ರವಾದಿ(ಸ)ಯವರು ನಮ್ಮ ಮುಂದಿಟ್ಟಿದ್ದಾರೆ. ಅವನ ಅನ್ನ, ಪಾನೀಯ, ಉಡುಪು ಎಲ್ಲವೂ ಹರಾಮ್ ಆಗಿರುವಾಗ ಪ್ರಾರ್ಥನೆ ಹೇಗೆ ಸ್ವೀಕೃತವಾದೀತು? ಪ್ರಯಾಣಿಕನ ದುಆ ವಿಶೇಷವಾಗಿ ಆಲಿಸಲ್ಪಡುತ್ತದೆ ಎಂಬುದನ್ನು ನಾವು ಬಲ್ಲೆವು. ಆದರೆ ಆ ಪ್ರಯಾಣದ ಬುನಾದಿಯಲ್ಲೇ ಸಂಶಯವಿದ್ದರೆ? ಪಾಪವೆಂದರೆ ಎದೆಯಲ್ಲಿ ಚುಚ್ಚುವಂಥದ್ದು, ಜನರಿಗೆ ತಿಳಿಯಬಾರದೆಂದು ನಾವು ಬಯಸುವಂಥದ್ದು ಎಂಬ ಅರ್ಥದ ಹದೀಸ್ ಇಂತಹ ಸಂದರ್ಭಗಳಿಗಾಗಿಯೇ ಇದೆ.

ನಾನು ಅವರನ್ನು ಕೇಳಿದೆ: ‘ಕಂಪೆನಿಯಲ್ಲಿ ವಿಚಾರಿಸಿದಿರಾ?’

‘ಇಲ್ಲ.’

‘ಯಾಕೆ?’

ಅವರು ತಲೆ ತಗ್ಗಿಸಿದರು. ‘ಬೇಡವೆಂದರೆ?’ ಎಂದರು.

ಪ್ರಿಯ ಓದುಗರೇ, ಉತ್ತರವು ಆ ಎರಡಕ್ಷರದ ಭಯದಲ್ಲೇ ಇತ್ತು. ಕೇಳಿದರೆ ಬೇಡವೆಂದಾರು ಎಂಬ ಕಾರಣಕ್ಕೆ ಕೇಳದೆ ಉಳಿಯುವುದು, ಬೇಡವೆಂದದ್ದನ್ನು ತೆಗೆದುಕೊಂಡಂತೆಯೇ. ಕೇಳಿ ಪಡೆದರೆ ಅದೇ ಟಿಕೆಟು ನಿರ್ಮಲವಾಗುತ್ತದೆ. ಕೇಳಿ ಸಿಗದಿದ್ದರೆ ಕಳಕೊಂಡದ್ದು ಟಿಕೆಟು ಮಾತ್ರ.

ಲೆಕ್ಕ ಮುಗಿಯುವ ದಿನ

ಪಾಯಿಂಟುಗಳಿಗೆ ಅವಧಿ ಇದೆ. ಅವಧಿ ಮುಗಿದರೆ ಅವು ಅಳಿದುಹೋಗುತ್ತವೆ. ಕೊಟ್ಟ ಸಂಸ್ಥೆಯೂ ಶಾಶ್ವತವಲ್ಲ. 2012ರಲ್ಲಿ ಕಿಂಗ್‌ಫಿಷರ್ ಹಾರಾಟ ನಿಲ್ಲಿಸಿದಾಗ ಅದರ ಪಾಯಿಂಟುಗಳನ್ನು ಕೂಡಿಟ್ಟವರ ಕೈಯಲ್ಲುಳಿದದ್ದು ಬರಿಯ ಸಂಖ್ಯೆ. ಜೆಟ್ ಏರ್‌ವೇಸ್ 2019ರಲ್ಲಿ ನಿಂತಿತು. ಆದರೆ ಎಂದೂ ಅಳಿಯದ ಇನ್ನೊಂದು ಖಾತೆ ಇದೆ. ಅಲ್ಲಿ ಒಂದು ಒಳಿತಿಗೆ ಹತ್ತು ಪಟ್ಟು ಪ್ರತಿಫಲ. ದೇವಮಾರ್ಗದಲ್ಲಿ ಖರ್ಚು ಮಾಡಿದ್ದು ಏಳು ತೆನೆ ಬಿಡುವ, ತೆನೆಗೆ ನೂರು ಕಾಳು ಕಟ್ಟುವ ಬೀಜದಂತೆ ಎಂದು ಕುರ್‌ಆನ್ ಹೇಳಿದೆ. ತುಂಗಭದ್ರೆಯ ನೀರುಂಡು ಬೆಳೆದ ಕಂಪ್ಲಿಯ ಭತ್ತದ ಗದ್ದೆಯನ್ನು ಕಂಡವರಿಗೆ ಈ ಉಪಮೆಯನ್ನು ವಿವರಿಸಬೇಕಿಲ್ಲ.

ಆದರೆ ಆ ಖಾತೆಗೂ ಒಂದು ಅಪಾಯವಿದೆ. ನಿಜವಾದ ದಿವಾಳಿ ಯಾರೆಂದು ಪ್ರವಾದಿ(ಸ)ಯವರು ಸಹಾಬಿಗಳನ್ನು ಕೇಳಿದ್ದರು. ಹಣವಿಲ್ಲದವನೆಂದು ಅವರು ಉತ್ತರಿಸಿದರು. ಅಲ್ಲ, ನಮಾಝ್, ಉಪವಾಸ, ಝಕಾತುಗಳ ರಾಶಿಯೊಂದಿಗೆ ಬಂದರೂ, ಒಬ್ಬನನ್ನು ನಿಂದಿಸಿದ, ಮತ್ತೊಬ್ಬನ ಸೊತ್ತನ್ನು ತಿಂದ ಕಾರಣಕ್ಕೆ ಅವನ ಒಳಿತುಗಳೆಲ್ಲ ಅವರಿಗೆ ಹಂಚಿಹೋಗುವವನೇ ದಿವಾಳಿ ಎಂದು ಅವರು ತಿಳಿಸಿದರು. ವಿಮಾನದ ಪಾಯಿಂಟನ್ನು ಬೇರೆಯವರಿಗೆ ಮಾರಲು ಸಾಮಾನ್ಯವಾಗಿ ಸಂಸ್ಥೆಗಳು ಬಿಡುವುದಿಲ್ಲ. ಆದರೆ ಅಂದಿನ ನ್ಯಾಯಾಲಯದಲ್ಲಿ ನಮ್ಮ ಒಳಿತುಗಳು ನಾವು ಅನ್ಯಾಯ ಮಾಡಿದವರ ಖಾತೆಗೆ ಸಾಗುತ್ತವೆ. ಕಂಪ್ಲಿಯಿಂದ ಮಕ್ಕಾಕ್ಕೆ ಹೋಗಿ ಗಳಿಸಿದ ಉಮ್ರಾದ ಪುಣ್ಯವೇ ಹೀಗೆ ಬೇರೆಯವರ ಪಾಲಾದರೆ ಆ ಪುಕ್ಕಟೆ ಟಿಕೆಟಿನ ಬೆಲೆ ಎಷ್ಟಾಯಿತು?

ಆ ಸ್ನೇಹಿತರು ಹಬ್ಬದ ನಂತರ ಕಂಪೆನಿಗೆ ಪತ್ರ ಬರೆದರು. ಎಷ್ಟು ಪಾಯಿಂಟು ಸೇರಿದೆ, ಯಾವುದಕ್ಕೆ ಬಳಸಲು ಬಯಸುತ್ತೇನೆ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. ಈ ಸಾಲುಗಳನ್ನು ಬರೆಯುವವರೆಗೂ ಅದಕ್ಕೆ ಉತ್ತರ ಬಂದಿಲ್ಲ. ಅಷ್ಟರಲ್ಲಿ ತಾಯಿಯ ಪಾಸ್‌ಪೋರ್ಟ್ ಬಂದಿದೆ. ಮಗ ಸಂಬಳದಿಂದ ತಿಂಗಳಿಗಿಷ್ಟೆಂದು ಬೇರೆ ತೆಗೆದಿಡಲು ಆರಂಭಿಸಿದ್ದಾರೆ. ಉತ್ತರ ಏನೇ ಬರಲಿ, ತಡವಾದರೂ ಸರಿ, ಯಾರ ದುಡ್ಡೆಂದು ತಾಯಿ ಮತ್ತೆ ಕೇಳಿದರೆ ತಲೆ ತಗ್ಗಿಸಬೇಕಾಗಿಲ್ಲ ಎಂದು ಅವರು ಹೇಳಿದರು.

ನಮ್ಮ ಮನೆಗಳಿಗೆ ಬರುವ ಪ್ರತಿಯೊಂದು ‘ಪುಕ್ಕಟೆ’ ವಸ್ತುವಿನ ಎದುರು ಆ ಪ್ರಶ್ನೆಯನ್ನು ಕೇಳುವ ತಾಯಂದಿರೂ, ಅದಕ್ಕೆ ನಾಚದೆ ಉತ್ತರಿಸಬಲ್ಲ ಮಕ್ಕಳೂ ನಮ್ಮಲ್ಲಿರಲಿ. ಅಲ್ಲಾಹನು ನಮ್ಮ ಗಳಿಕೆಯನ್ನು ಶುದ್ಧಗೊಳಿಸಲಿ, ಸಂಶಯಾಸ್ಪದವಾದುದರಿಂದ ದೂರ ಉಳಿಯುವ ಬಲ ನೀಡಲಿ, ಹಲಾಲ್ ಹಾದಿಯಲ್ಲಿ ತನ್ನ ಭವನವನ್ನು ಸಂದರ್ಶಿಸುವ ಭಾಗ್ಯವನ್ನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.